ಕರಡಿಮರಿಯ ಅಳು

೧೯೪೩ರ ವೈಶಾಖ ಮುಗಿಯುತ್ತಿತ್ತು. ಮಳೆ ಹಿಡಿದರೆ ಕರಡಿಗಳು ಘಟ್ಟ ಹತ್ತಿಬಿಡುತ್ತವೆ. ಅಷ್ಟರೊಳಗೆ ತನ್ನ ತಮ್ಮನನ್ನು ಸೀಳಿ ಕೊಂದ ತಾಯಿಕರಡಿಯನ್ನು ಕೆಡವಲೇಬೇಕೆಂದು ಹೊನ್ನಾವರದ ಬಳಿಯ ಶನಿಯಾರನೆಂಬವನು ಹಟ ತೊಟ್ಟಿದ್ದ. ಯುದ್ಧಕಾಲ, ಅವನ ಕೋವಿಗೆ ಇದ್ದದ್ದು ಒಂದೇ ಈಡಿನ ಮದ್ದು. ಕರಡಿಯನ್ನು ಹತ್ತಿರ ಬರಿಸಬೇಕಿತ್ತು. ಯಾರ ದನಿಯನ್ನಾದರೂ ಅಣಕಿಸುವ ನನ್ನನ್ನು ಕರೆದೊಯ್ದ.

"ಧಾರವಾಡದ ಕಾಲೇಜಲ್ಲಿ ಕಲ್ತದ್ದು ಇದೇ ಎಂತ?" ಎಂದು ದಾರಿಯುದ್ದಕ್ಕೂ ನಕ್ಕ.

ಹೊತ್ತು ಇಳಿಯುವಾಗ, ಹಲಸಿನ ಹಣ್ಣು ಉದುರಿದ್ದಲ್ಲಿ, ನಮ್ಮ ವಾಸನೆ ಹೋಗದಂತೆ ಗಾಳಿಗೆ ಮುಖಮಾಡಿ ಕೂತೆವು. ನಾನು ಮರಿಯಂತೆ ಅತ್ತೆ. ತಾಯಿ ಓಡೋಡಿ ಬಂತು. ಶನಿಯಾರ ಹೊಡೆದ, ಅದು ಬಿತ್ತು.

ಮರಿಯ ಅಳು ಮಾತ್ರ ನಿಲ್ಲಲಿಲ್ಲ. ಬೆನ್ನ ಹಿಂದಿನ ಪೊದೆಯಿಂದ ಬರುತ್ತಿತ್ತು. ಆ ಸೆಕೆಯಲ್ಲೂ ಅಲ್ಲಿಂದ ಬಾವಿಯೊಳಗಿನಂಥ ತಂಪು ಬೀಸಿತು.

"ಆತು ಮಾರಾಯ, ಸಾಕು ಮಾಡು."

"ನಾನಲ್ಲ."

"ಹಂಗಾರೆ ಅದರ ಮರಿ. ಅದನ್ನೂ ಬಿಡೂದಿಲ್ಲ," ಎಂದು ಕೋವಿಯನ್ನು ದೊಣ್ಣೆಯಂತೆ ಹಿಡಿದು ನುಗ್ಗಿದ.

ಅಳು ನಿಂತಿತು. ಪೊದೆಯಲ್ಲಿ ಅವನೂ ಇರಲಿಲ್ಲ, ಅವನ ಹೆಜ್ಜೆಯೂ ಇರಲಿಲ್ಲ.

ಅವನ ಮನೆಗೆ ಓಡಿದೆ. ಹೆಂಡತಿ ನಾಗಿ ಅಂಗಳದಲ್ಲಿ ಅಳುತ್ತ ಕೂತಿದ್ದಳು.

"ಮತ್ತೆ ಎಂತಕ್ಕೆ ಬಂದ್ರಿ ಅಣ್ಣ?" ಎಂದಳು. "ಅವ್ರು ಬರೂದಿಲ್ಲ ಅಂತ ಈಗಷ್ಟೇ ಬೇಲಿಯಾಚೆ ನಿಂತು ನೀವೇ ಕೂಗಿ ಹೇಳಿದ್ರಲ್ಲ."