ಬಡಿಸುವ ಕೈ

ಪಟ್ ಪಟ್ ಪಟ್. ಮರದ ಕೊಣಮಿಗೆಯ ಮೇಲೆ ಜೋಳದ ಹಿಟ್ಟು ಅಗಲವಾಗುತ್ತ ಹೋಯಿತು. ಅಂಚು ಎಲ್ಲೂ ಹರಿಯಲಿಲ್ಲ, ನಡು ಎಲ್ಲೂ ತೂತಾಗಲಿಲ್ಲ. ಬಲಗೈಯ ಬೆರಳುಗಳು ರೊಟ್ಟಿಯ ಅಡಿಗೆ ಹೊಕ್ಕು, ಅದನ್ನು ಎತ್ತಿ, ಕಾದ ಹಂಚಿನ ಮೇಲೆ ಹಾಸಿದವು. ಧಾರವಾಡದ ಆ ಸಂಶೋಧನಾಲಯದಲ್ಲಿ ಒಲೆ ಹಚ್ಚಿದ್ದು ಅದೇ ಮೊದಲು. ಸುತ್ತ ನಿಂತಿದ್ದ ಬಿಳಿ ಕೋಟಿನವರೆಲ್ಲ ಚಪ್ಪಾಳೆ ಹೊಡೆದರು. ಹೊಡೆಯದೆ ಏನು ಮಾಡಿಯಾರು? ಸಿಂಚನವ್ವನ ಆ ಬಲಗೈಯನ್ನು ಅವರು ತೊಡಿಸಿದ್ದು ಅದೇ ದಿನ ಬೆಳಿಗ್ಗೆ.

ಸಿಂಚನಾ ಎಂದು ಹೆಸರಿಟ್ಟಾಗ ಅವಳ ಅಪ್ಪ ಅವ್ವನಿಗೆ ಅದು ಹೊಸ ಕಾಲದ ಹೆಸರು. ನಲವತ್ತು ದಾಟಿ, ಗದಗಿನ ಸ್ಟೇಶನ್ನಿನ ಎದುರು ಖಾನಾವಳಿ ನಡೆಸುವ ಹೊತ್ತಿಗೆ ಊರವರು ಅದಕ್ಕೊಂದು ‘ಅವ್ವ’ ಅಂಟಿಸಿ ಹಳೆಯದು ಮಾಡಿದ್ದರು. ಹಿಂದಿನ ವರ್ಷ ಹಿಟ್ಟು ನಾದುವ ಯಂತ್ರಕ್ಕೆ ಬಳೆ ಸಿಕ್ಕಿತು, ಬಳೆಯ ಹಿಂದೆ ಕೈ ಹೋಯಿತು. ಮೊಣಕೈಯ ಕೆಳಗೆ ಏನೂ ಉಳಿಯಲಿಲ್ಲ. ರೊಟ್ಟಿ ಬಡಿಯುವವಳ ಬಲಗೈ ಅದು. ದೇವರು ಎಂಬವನು ಇದ್ದರೆ ಅವನಿಗೆ ಬೇರೆ ಯಾರ ಕೈಯೂ ಕಾಣಲಿಲ್ಲವೇ ಎಂದು ಗಿರಾಕಿಗಳೂ ಮರುಗಿದರು.

ಕೃತಕ ಕೈಗಳೇನೂ ಆಗ ಹೊಸವಲ್ಲ. ಆದರೆ ಹಳೆಯವು ತೋಳಿನ ತುಂಡಿನಲ್ಲಿ ಉಳಿದ ಸ್ನಾಯುಗಳ ಮಿಡಿತವನ್ನು ಹಿಡಿದು ಚಲಿಸುತ್ತಿದ್ದವು. ಲೋಟ ಎತ್ತಬಹುದು, ಗುಂಡಿ ಹಾಕಿಕೊಳ್ಳಬಹುದು, ಅಷ್ಟೇ. ಡಾಕ್ಟರ್ ಅಮೂಲ್ಯಾ ದೇಶನೂರ ಹಿಡಿದ ದಾರಿ ಬೇರೆ. ನಾವು ಕೈ ಚಾಚುವ ಮೊದಲೇ ಮಿದುಳಿನಲ್ಲಿ ಒಂದು ಸಣ್ಣ ವಿದ್ಯುತ್ ಅಲೆ ಏಳುತ್ತದೆ. ಆಕೆ ತಲೆಬುರುಡೆಯ ಒಳಗೆ ಈರುಳ್ಳಿ ಪೊರೆಯಷ್ಟು ತೆಳ್ಳಗಿನ ಒಂದು ಹಾಳೆಯನ್ನು ಕೂರಿಸಿ, ಆ ಅಲೆಯನ್ನು ಹುಟ್ಟಿದಲ್ಲೇ ಓದಿ ಕೈಗೆ ದಾಟಿಸಿದಳು. ಈ ಕೈಗೆ ‘ಇಂಗಿತ’ ಎಂದು ಹೆಸರಿಟ್ಟಳು.

ಕೈ ತೊಡಿಸುವ ಮುಂಚೆ ಡಾಕ್ಟರ್ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಅದನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಆಮೇಲೆ ಎಲ್ಲರೂ ಬೈದದ್ದು ಅವಳನ್ನೇ.

“ಸಿಂಚನಕ್ಕಾರ, ಮೊದಲನೇ ಅಲೆ ಎದ್ದ ಮ್ಯಾಲೆ ಬಾಳ ಸಲ ಎರಡನೇದೊಂದು ಬರ್ತದರಿ. ತಡಿ, ಅಲ್ಲಿ ಬ್ಯಾಡ, ಇಲ್ಲಿ ಅಂತ ಹೇಳೂದು ಅದು. ಆ ಎರಡನೇದು ಬರೂತನಕ ಕೈ ಕಾಯೂಹಂಗ ಮಾಡಬಹುದು. ಇಲ್ಲಾ, ಮೊದಲನೇದಕ್ಕ ಹೊಂಟುಬಿಡೂಹಂಗ ಮಾಡಬಹುದು. ನಿಮಗ ಯಾವುದು ಬೇಕು?”

“ರೊಟ್ಟಿ ಬಡಿಯಾಕ ಯಾವುದು ಬೇಕ್ರಿ?”

“ರೊಟ್ಟಿಗೆ ಚುರುಕ ಕೈನ ಬೇಕು. ಕಾಯೂ ಕೈಯಾಗ ರೊಟ್ಟಿ ಹರೀತಾವ. ಆದ್ರ ಸ್ವಲ್ಪ ವಿಚಾರ ಮಾಡ್ರಿ. ಚುರುಕ ಕೈಯನ್ನ ತಡಿಯಾಕ ನಿಮಗ ಆಗಂಗಿಲ್ಲ.”

“ಏನ್ ವಿಚಾರ ಮಾಡೂದ್ರಿ!” ಸಿಂಚನವ್ವ ನಕ್ಕಳು. “ಇಷ್ಟ್ ವರ್ಷ ಊರಿಗೇ ಬಡಿಸೀನಿ. ನನ್ನ ಕೈಯಾಗ ಪಂಕ್ತಿಭೇದ ಇಲ್ಲ. ತಡದು ತಡದು ಹಾಕೂ ಕೈ ನನಗ ಬ್ಯಾಡ.”

ಡಾಕ್ಟರ್ ಪಕ್ಕದಲ್ಲಿದ್ದ ಹುಡುಗಿಯ ಮುಖ ನೋಡಿದಳು. ಅವಳು ಇಂಪನಾ. “ಅವ್ವ ಹೇಳೂದು ಖರೇ ಐತ್ರಿ, ಮೇಡಮ್ಮಾರ. ನಮ್ಮವ್ವನ ಕೈ ನನಗ ಗೊತ್ತಿಲ್ಲೇನ್ರಿ? ನಾ ಉಂಡಿದ್ದ ಆ ಕೈಲೆ,” ಅಂದಳು. ಪಾಪ, ಜಾಮೀನು ನಿಂತವಳೇ ಅವಳು.

ಇಂಪನಾ ಸಿಂಚನವ್ವ ಹೆತ್ತ ಮಗಳಲ್ಲ. ಅಕ್ಕ ಸ್ಪಂದನಾಳ ಮಗಳು. ಸ್ಪಂದನಾ ತೀರಿಕೊಂಡಾಗ ಕೂಸಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಮರುವರ್ಷ ಸಿಂಚನವ್ವನಿಗೆ ತನ್ನದೇ ಮಗಳು ಹುಟ್ಟಿದಳು, ಪೂರ್ವಿ. ಅಂದಿನಿಂದ ಒಂದೇ ಬಟ್ಟೆಯ ತಾನಿನಲ್ಲಿ ಎರಡು ಫ್ರಾಕು, ಒಂದೇ ಹೋಳಿಗೆಯಲ್ಲಿ ಎರಡು ಪಾಲು. “ಇಬ್ಬರೂ ನನ್ನ ಹೊಟ್ಟಿವು” ಎಂದು ಸಿಂಚನವ್ವ ಸಂತೆಯಲ್ಲಿ, ಸಾಲೆಯಲ್ಲಿ, ಬೀಗರ ಮನೆಯಲ್ಲಿ ಹೇಳಿದಳು, ಹೇಳಿದಂತೆ ನಡೆದಳು. ತಾನು ಬೇರೆಯವಳ ಮಗಳು ಎಂಬುದು ಇಂಪನಾಗೆ ಗೊತ್ತಿತ್ತು. ಯಾವಾಗಲೋ ಕೇಳಿದ ಯಾರದೋ ಸುದ್ದಿ ಎಂಬಂತೆ ಗೊತ್ತಿತ್ತು, ಅಷ್ಟೇ. ಕೈ ಹೋದ ವರ್ಷ ಅವ್ವನ ತಲೆ ಬಾಚಿ, ಕುಪ್ಪಸದ ಗುಂಡಿ ಹಾಕಿ, ಅನ್ನ ಕಲಸಿ ತುತ್ತು ಕೊಟ್ಟವಳು ಅವಳೇ. ಒಲೆ ನೋಡಿಕೊಂಡವಳೂ ಅವಳೇ. ಪೂರ್ವಿಗೆ ಗಾಯ ನೋಡಿದರೆ ತಲೆ ತಿರುಗುತ್ತಿತ್ತು. ಹಾಗಂತ ಅವಳೇ ಹೇಳಿ ಕೋಣೆಗೆ ಹೋಗಿಬಿಡುತ್ತಿದ್ದಳು.

ಹೊಸ ಕೈ ಖಾನಾವಳಿಗೆ ಬಂದ ಮೊದಲ ವಾರ ಬರೀ ನಗು. ದಿನಾ ಬಂದು ದಿನಾ ಪಲ್ಯಕ್ಕೆ ಹೆಸರಿಡುವ ಒಬ್ಬ ಮಾಸ್ತರರಿದ್ದರು. ಅವತ್ತೂ “ಉಪ್ಪು ಕಡಿಮಿ ಆಗೇತಲ್ಲ” ಅನ್ನುವಷ್ಟರಲ್ಲಿ ಕೈ ಅವರ ಮುಂದಿನ ತಟ್ಟೆಯನ್ನೇ ಎತ್ತಿಬಿಟ್ಟಿತು. ಮಾಸ್ತರರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

“ಯವ್ವಾ, ತಪ್ಪಾತ್ರಿ ಮಾಸ್ತರ! ನಾ ಎತ್ತಲಿಲ್ರಿ, ಈ ಮುರುಕ ಕೈ ಎತ್ತೇತ್ರಿ!”

“ಕೈ ಎತ್ತಿದ್ದಲ್ಲವ್ವ, ಇಷ್ಟು ವರ್ಷ ನಿನ್ನ ಹೊಟ್ಟ್ಯಾಗ ಇದ್ದದ್ದು ಹೊರಗ ಬಿತ್ತು,” ಎಂದು ಪಕ್ಕದವನು ಹೇಳಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಊರ ಜನಕ್ಕೆ ಇದೊಂದು ಆಟವಾಯಿತು. ತಮಗೆ ಬೆಣ್ಣೆ ಎಷ್ಟು ಬೀಳುತ್ತದೆ ಎಂದು ನೋಡಲಿಕ್ಕೇ ಗಿರಾಕಿಗಳು ಬಂದರು. ಹೆಚ್ಚು ಬಿದ್ದವನು ಮೀಸೆ ತಿರುವಿದ, ಕಡಿಮೆ ಬಿದ್ದವನು ಮುಖ ಉಬ್ಬಿಸಿಕೊಂಡು ಹೋದ. ಆ ಕೈ ಸುಳ್ಳು ಹೇಳುವುದಿಲ್ಲ ಎಂಬ ಮಾತು ಹುಟ್ಟಿದ್ದು ಆಗ. ಅದನ್ನು ಎಲ್ಲರಿಗಿಂತ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವಳು ಸಿಂಚನವ್ವ.

ಗಿರಾಕಿಗಳೆಲ್ಲ ಹೋದ ಮೇಲೆ, ಮಧ್ಯಾಹ್ನ ಇಳಿಹೊತ್ತಿಗೆ, ಮನೆಯವರ ಊಟ. ಇಬ್ಬರು ಹುಡುಗಿಯರೂ ಒಲೆಯ ಎದುರು ಕೂರುವರು, ಸಿಂಚನವ್ವ ಹಂಚಿನಿಂದ ತೆಗೆದ ಬಿಸಿ ರೊಟ್ಟಿಯನ್ನು ನೇರವಾಗಿ ತಟ್ಟೆಗೆ ಹಾಕುವಳು. ಮೊದಲ ರೊಟ್ಟಿ ಪೂರ್ವಿಗೆ ಬಿತ್ತು. ಸರಿ. ಎರಡನೆಯದೂ ಪೂರ್ವಿಗೇ ಬಿತ್ತು. ಸಿಂಚನವ್ವ ಅವಸರದಿಂದ ಅದೇ ಕೈಯಲ್ಲಿ ಅದನ್ನು ಎತ್ತಿ ಇಂಪನಾಗೆ ಹಾಕಿದಳು. ಮರುದಿನ ಬೆಣ್ಣೆಯ ದೊಡ್ಡ ಉಂಡೆ ಪೂರ್ವಿಗೆ. ಅದರ ಮರುದಿನ ಬದನೆಕಾಯಿ ಎಣ್ಣೆಗಾಯಿ ಪೂರ್ವಿಗೆ, ಉಳಿದ ರಸ ಇಂಪನಾಗೆ. “ಹಾಳಾದ ಕೈ, ರಿಪೇರಿಗೆ ಬಂದೇತಿ ಕಾಣತೈತಿ” ಎಂದು ಸಿಂಚನವ್ವ ಅದನ್ನು ಸೆರಗಿನಿಂದ ಒರೆಸಿದಳು. ಒರೆಸಿದರೆ ಹೋಗುವಂಥದ್ದೇ ಅದು?

ಪೂರ್ವಿ ಹಂಚಿಗೆ ಹತ್ತಿರ ಕೂರುತ್ತಾಳಲ್ಲ, ಅದಕ್ಕೇ ಇರಬೇಕು ಅಂದುಕೊಂಡಳು ಇಂಪನಾ. ಒಂದು ದಿನ ಜಾಗ ಬದಲಿಸಿ ತಾನೇ ಹಂಚಿನ ಮಗ್ಗುಲಿಗೆ ಕೂತಳು. ಬಿಸಿ ರೊಟ್ಟಿ ಎದ್ದಿತು. ಕೈ ಅವಳ ತಟ್ಟೆಯ ಮೇಲೆಯೇ ಹಾದು, ಅವಳ ಮೂಗಿಗೆ ಹಬೆ ತಾಗಿಸಿ, ಉದ್ದಕ್ಕೆ ಚಾಚಿ, ಆ ತುದಿಯ ತಟ್ಟೆಗೆ ರೊಟ್ಟಿ ಹಾಕಿತು.

ಪೂರ್ವಿ ಗಹಗಹಿಸಿದಳು. “ನೋಡ ಇಂಪಿ, ನಾ ಎಲ್ಲಿ ಕುಂತ್ರೂ ಹುಡಿಕ್ಯಾಡಿ ಬರತೈತಿ! ಅವ್ವಗ ನಾನಂದ್ರ ಜೀವ.”

“ಬಾಯಿ ಮುಚ್ಚ!” ಎಂದಳು ಸಿಂಚನವ್ವ. ಅಷ್ಟಕ್ಕೇ ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ಬೈಯುತ್ತಿದ್ದ ಹೊತ್ತಿನಲ್ಲೇ ಕೈ ಪೂರ್ವಿಯ ತಲೆ ಸವರುತ್ತಿತ್ತು.

ಇಂಪನಾ ಉಂಡು ಮುಗಿಸಿದಳು, ಮೂರೂ ತಟ್ಟೆ ತೊಳೆದಿಟ್ಟಳು, ಮರುದಿನ ಅವ್ವನನ್ನು ಕರೆದುಕೊಂಡು ಧಾರವಾಡದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲಿ ಬೇಡಿಕೊಂಡದ್ದು ಒಂದನ್ನೇ. ಕೈ ಕೆಟ್ಟಿದೆ ಎಂದು ಡಾಕ್ಟರ್ ಹೇಳಲಿ.

ಡಾಕ್ಟರ್ ಎಲ್ಲ ತಂತಿ ಜೋಡಿಸಿ, ಪರದೆಯ ಮೇಲೆ ಏಳುವ ಗೆರೆಗಳನ್ನು ನೋಡಿ, “ಕೈ ಬರೋಬ್ಬರಿ ಅದ” ಅಂದಳು. ಅವಳ ಮುಖದಲ್ಲಿ ಸಂತೋಷವೇ ಇತ್ತು. ತಾನು ಮಾಡಿದ ವಸ್ತು ಅಷ್ಟು ಸೂಕ್ಷ್ಮವಾಗಿ ಓದುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ. “ಇದನ್ನ ನಾವು ಚಿತ್ರೀಕರಣ ಮಾಡ್ಕೋಬಹುದೇನ್ರಿ? ಎರಡು ತಟ್ಟಿ ಇಟ್ಟು…” ಎಂದು ಕೇಳಿಯೂ ಬಿಟ್ಟಳು. ಇಂಪನಾಳ ಕಣ್ಣು ನೋಡಿ ಮಾತು ನಿಲ್ಲಿಸಿದಳು.

“ಹಂಗಾರ ಮೊದಲು, ಅವ್ವನ ಖರೇ ಕೈ ಇದ್ದಾಗ?” ಇಂಪನಾ ಕೇಳಿದಳು. “ಆವಾಗ ನನಗ ಸರಿಯಾಗೇ ಬೀಳತಿತ್ತಲ್ರಿ?”

“ಎರಡನೇ ಅಲೆ ಬಂದು ತಿರುಗಸ್ತಿತ್ತು, ನೋಡವ್ವ.”

“ದಿನಾ?”

ಡಾಕ್ಟರ್ ಕುರ್ಚಿ ಎಳೆದುಕೊಂಡು ಅವಳ ಎದುರು ಕೂತಳು. “ಇಲ್ಲಿ ಕೇಳು. ಮೊದಲನೇದು ಖರೇ, ಎರಡನೇದು ಸುಳ್ಳು ಅಂತ ತಿಳ್ಕೋಬ್ಯಾಡ. ಮೊದಲನೇದು ತಾನಾಗೇ ಏಳೂದು, ಅದರಾಗ ಯಾರ ಹೆಚ್ಚುಗಾರಿಕಿನೂ ಇಲ್ಲ. ಎರಡನೇದು ನಿಮ್ಮವ್ವ ತಾನ ಮಾಡಿದ್ದು, ಕಷ್ಟಪಟ್ಟು ಮಾಡಿದ್ದು. ಇಷ್ಟು ವರ್ಷ ಒಂದು ಸಲನೂ ತಪ್ಪಿಸಿಲ್ಲ.”

ಒಳ್ಳೆಯ ಮಾತೇ. ಆದರೆ ಆ ವಯಸ್ಸಿನ ಹುಡುಗಿಗೆ ಅದರಲ್ಲಿ ಕೇಳಿಸಿದ್ದು ಒಂದೇ ತುಂಡು. “ಕಷ್ಟಪಟ್ಟು,” ಅಂದಳು ಇಂಪನಾ. “ನನಗ ಒಂದ್ ರೊಟ್ಟಿ ಹಾಕೂದು ನಮ್ಮವ್ವಗ ಅಷ್ಟು ಕಷ್ಟ ಇತ್ತು.”

ಸಿಂಚನವ್ವ ಅಳುತ್ತ ಡಾಕ್ಟರ ಕೋಟು ಹಿಡಿದುಕೊಂಡಳು. “ತಡಿಯೂ ಕೈ ಮಾಡ್ರಿ ಇದನ್ನ. ಈಗಿಂದೀಗ ಮಾಡ್ರಿ.”

“ರೊಟ್ಟಿ ಹೋಗ್ತಾವ, ಸಿಂಚನಕ್ಕಾರ.”

“ಸುಡಲಿ ರೊಟ್ಟಿ! ನನ್ನ ಮಗಳು ಹೋಗಾಕತ್ಯಾಳ!”

ಡಾಕ್ಟರ್ ಗುಂಡಿ ಒತ್ತಿ, ಎರಡನೇ ಅಲೆಗೆ ಕಾಯುವಷ್ಟು ತಡವನ್ನು ಕೈಗೆ ಕೂಡಿಸಿದಳು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಆ ಅಷ್ಟೇ ಹೊತ್ತಿನಲ್ಲಿ ಸಿಂಚನವ್ವನ ಬದುಕಿನ ಕಸುಬು ಹೋಯಿತು. ರೊಟ್ಟಿ ಬಡಿದರೆ ನಡುವೆ ಹರಿಯಿತು, ಎತ್ತಿದರೆ ಮಡಚಿಕೊಂಡು ಒಲೆಗೆ ಬಿತ್ತು. ಖಾನಾವಳಿಗೆ ಯಂತ್ರದ ರೊಟ್ಟಿ ತರಿಸಬೇಕಾಯಿತು. ಗಿರಾಕಿಗಳು ಒಂದೆರಡು ದಿನ ಅಯ್ಯೋ ಅಂದರು, ಆಮೇಲೆ ಎದುರಿನ ಖಾನಾವಳಿಗೆ ಹೋದರು. ಮಾಸ್ತರರು ಮಾತ್ರ ಬಂದರು, ಪಲ್ಯಕ್ಕೆ ಹೆಸರಿಡುವುದನ್ನೂ ಬಿಟ್ಟರು. ಅದನ್ನು ನೋಡುವುದು ಇನ್ನೂ ಸಂಕಟವಾಗಿತ್ತು.

ಮನೆಯ ಊಟದಲ್ಲಿ ಈಗ ತಪ್ಪೇನೂ ಆಗುತ್ತಿರಲಿಲ್ಲ. ಕೈ ಗಾಳಿಯಲ್ಲಿ ನಿಲ್ಲುವುದು, ಆಮೇಲೆ ಪೂರ್ವಿಗೆ ಒಂದು. ಮತ್ತೆ ನಿಲ್ಲುವುದು, ಆಮೇಲೆ ಇಂಪನಾಗೆ ಒಂದು. ಲೋಟಕ್ಕೂ ಹಾಗೇ ನಿಲ್ಲುವುದು, ಬಾಗಿಲ ಚಿಲಕಕ್ಕೂ ಹಾಗೇ. ಆ ಯಂತ್ರಕ್ಕೆ ಎಲ್ಲರೂ ಒಂದೇ. ಇದು ಇಂಪನಾಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ ಅವಳು ತನ್ನ ತಟ್ಟೆಯ ಮೇಲೆ ಕೈ ನಿಂತಾಗಲೆಲ್ಲ ಅದನ್ನೇ ನೋಡುವಳು. ಅವ್ವ ಈಗ ಒಳಗೆ ಹೆಣಗುತ್ತಿದ್ದಾಳೆ, ಈಗ ಗೆದ್ದಳು, ಈಗ ನನಗೆ ಹಾಕಿದಳು ಎಂದು ಅವಳ ಲೆಕ್ಕ. ಅದು ಊಟವಾಗಿರಲಿಲ್ಲ, ದಿನಕ್ಕೆರಡು ಸಲದ ವಿಚಾರಣೆಯಾಗಿತ್ತು.

ಒಂದು ಅಮಾವಾಸ್ಯೆಗೆ ಸಿಂಚನವ್ವ ಹೋಳಿಗೆ ಮಾಡಿದಳು. ಹೇಗೋ ಹರುಕು ಮುರುಕಾಗಿ ಮಾಡಿದಳು. ಇಂಪನಾ ಒಂದು ತಿಂದು, ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು. “ಸಾಕವ್ವ.”

ನಮ್ಮಲ್ಲಿ ಸಾಕು ಅಂದವರಿಗೆ ಸಾಕು ಎಂದು ಬಿಡುವವರು ಯಾರಿದ್ದಾರೆ? ಅಡ್ಡ ಹಿಡಿದ ಕೈಯನ್ನು ಸರಿಸಿ ಇನ್ನೊಂದು ಹಾಕಿದರೇ ಅದು ಬಡಿಸಿದ್ದು. ಇಂಪನಾ ಕೈ ಅಡ್ಡ ಹಿಡಿದದ್ದೂ ಅದಕ್ಕಾಗಿಯೇ. ಯಂತ್ರದ ಕೈ ಹೋಳಿಗೆ ಹಿಡಿದು ಮೇಲೆದ್ದು ನಿಂತಿತು. ಇಂಪನಾ ಅದನ್ನೇ ನೋಡುತ್ತಿದ್ದಳು. ಅವಳು ನೋಡುತ್ತಿರುವುದನ್ನು ಸಿಂಚನವ್ವ ನೋಡಿದಳು. ಆ ನಿಲುಗಡೆ, ಆ ಹುಡುಗಿಯ ಮುಖ, ಎರಡನ್ನೂ ಅವಳ ಜೀವ ತಾಳಲಿಲ್ಲ. ಎಡಗೈಯಿಂದ ಆ ಹೋಳಿಗೆ ಕಸಿದು, ಇಂಪನಾಳ ಅಂಗೈ ಸರಿಸಿ, ತಟ್ಟೆಗೆ ಹಾಕಿದಳು.

ಆ ಕೈ ಯಾವ ಅಲೆಗೂ ಕಾದಿರಲಿಲ್ಲ. ಪೂರ್ವಿ ಪಕ್ಕದಲ್ಲೇ ಇದ್ದಳು, ಅದು ಪೂರ್ವಿಯ ಕಡೆ ಹೊರಳಿಯೂ ಇರಲಿಲ್ಲ.

ಆದರೆ ಅದು ಎಡಗೈ. ಕೈ ಕಳೆದುಕೊಂಡ ಆ ವರ್ಷವೆಲ್ಲ ಸಿಂಚನವ್ವ ಬಡಿಸುವುದನ್ನೇ ಬಿಟ್ಟಿದ್ದಳೇ ಹೊರತು ಎಡಗೈಯಿಂದ ನಾಯಿಗೂ ತುತ್ತು ಹಾಕಿದವಳಲ್ಲ. ಎಡಗೈಯಿಂದ ಬಡಿಸಿದರೆ ಊಟ ಬಿಟ್ಟು ಏಳು ಎಂದಂತೆ. ಹಾಗೆಂದು ಇಂಪನಾಗೆ ಕಲಿಸಿದವಳೂ ಅವಳೇ.

ಇಂಪನಾ ತಟ್ಟೆ ನೋಡಿದಳು. “ಎಡಗೈಲೆ ಹಾಕಿದಿ,” ಅಂದಳು, ಮೆಲ್ಲಗೆ.

“ಇಂಪೂ, ನನ್ನವ್ವಾ, ಹಂಗಲ್ಲ, ಇದು ನನ್ನ ಖರೇ ಕೈ…”

“ಗೊತ್ತಾತವ್ವ. ನಿನ್ನ ಖರೇ ಕೈ ಏನ್ ಹೇಳತೈತಿ ಅಂತ ಗೊತ್ತಾತು.”

ಅವಳು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದಳು. ಕೈ ತೊಳೆದುಕೊಂಡಳು. ಸಂಜೆಯ ಗಾಡಿಗೆ ಹುಬ್ಬಳ್ಳಿಗೆ ಹೋದವಳು ಅಲ್ಲಿ ಯಾವುದೋ ಹಾಸ್ಟೆಲಿನ ಅಡುಗೆಗೆ ಸೇರಿದಳು, ತಿರುಗಿ ಬರಲಿಲ್ಲ. ಪೂರ್ವಿ ಖಾನಾವಳಿ ಮುಚ್ಚಿಸಿ ಆ ಜಾಗದಲ್ಲಿ ಮೊಬೈಲ್ ಅಂಗಡಿ ಹಾಕಿಸಿದಳು. ಸಿಂಚನವ್ವ ಇಂಗಿತದ ಕೈಯನ್ನು ಬಿಚ್ಚಿ ಕಪಾಟಿನಲ್ಲಿಟ್ಟಳು.

ಡಾಕ್ಟರ್ ಅಮೂಲ್ಯಾಳ ಪ್ರಬಂಧ ಪ್ರಕಟವಾಯಿತು, ಹೆಸರು ಬಂತು. ಹೆಸರಿನ ಹಿಂದೆಯೇ ಜನ ಬಂದರು. ಅವರಿಗೆ ಕೈ ಬೇಕಿರಲಿಲ್ಲ, ಎರಡೂ ಕೈ ಗಟ್ಟಿಯಾಗಿದ್ದವರೇ ಎಲ್ಲ. ಅವರಿಗೆ ಬೇಕಾದದ್ದು ಆ ಹಾಳೆ. ಸೊಸೆಯ ತಲೆಯೊಳಗೆ ಒಂದು, ಗಂಡನ ತಲೆಯೊಳಗೆ ಒಂದು, ದತ್ತು ತೆಗೆದುಕೊಂಡ ತಾಯಿಯ ತಲೆಯೊಳಗೆ ಒಂದು. ಮೊದಲ ಅಲೆ ಯಾವ ಕಡೆ ಏಳುತ್ತದೆ ಎಂದು ನೋಡಬೇಕು, ಅಷ್ಟೇ. ಡಾಕ್ಟರ್ ಒಲ್ಲೆ ಅಂದಳು. ಮಾಡಿಕೊಡುವವರು ಬೇರೆ ಊರುಗಳಲ್ಲಿ ಹುಟ್ಟಿಕೊಂಡರು.

ಇದೆಲ್ಲ ಮುಂದೆಂದೋ ಬರುವ ಕಾಲದ ಕತೆ. ಅಂಥ ಹಾಳೆ ಇನ್ನೂ ನಮ್ಮ ಕಾಲಕ್ಕೆ ಬಂದಿಲ್ಲ. ಇವತ್ತು ನಿಮ್ಮ ತಟ್ಟೆಗೆ ಬಡಿಸಿದವರ ಕೈ ಮೊದಲು ಯಾರ ಕಡೆಗೆ ಹೊರಟಿತ್ತು ಎಂಬುದು ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಹೊಟ್ಟೆ ತುಂಬ ಉಂಡಿರಿ.