ನಾಲ್ಕು ಬೆರಳು ಮೇಲಿನ ಗೀರು

ಹಲ್ಲಿನ ಡಾಕ್ಟರ ಹೆಂಡತಿ ದರ್ಜಿಯ ಅಂಗಡಿಯ ಮೆಟ್ಟಿಲು ಹತ್ತಿದಾಗ ಅವಳ ಎರಡು ಕಾಲಲ್ಲಿ ಬೇರೆ ಬೇರೆ ಜೋಡಿಯ ಚಪ್ಪಲಿಯಿತ್ತು. ದರ್ಜಿಯ ಕಣ್ಣು ಮೊದಲು ಬಿದ್ದದ್ದು ಅದರ ಮೇಲೆ. ಆಮೇಲೆ ಮುಖ ನೋಡಿದ. ನೋಡಿದವನೇ ಹೊಲಿಗೆ ಯಂತ್ರದಿಂದ ಕಾಲು ತೆಗೆದು, ಏನೂ ಕೇಳದೆ ಮಹಡಿಯತ್ತ ಕೈ ತೋರಿಸಿದ.

ಮಹಡಿಯಲ್ಲಿದ್ದವರು ತೂಕದಮ್ಮ. ಮೂವತ್ತೊಂದು ವರ್ಷ ಹೆದ್ದಾರಿಯ ಪಕ್ಕದ ವೇಬ್ರಿಜ್‌ನಲ್ಲಿ ಲಾರಿಗಳನ್ನು ತೂಗಿ ನಿವೃತ್ತರಾದ ಹೆಂಗಸು. ಬರುತ್ತಿರುವ ಲಾರಿಯ ನಡೆ ನೋಡಿಯೇ ಒಳಗೇನು ಬಚ್ಚಿಟ್ಟಿದ್ದಾರೆಂದು ಹೇಳುತ್ತಿದ್ದರು. ಊರಿನ ಮೂರು ಬಿಡಿಸಲಾರದ ಗಂಟುಗಳನ್ನು ಬಿಡಿಸಿಕೊಟ್ಟ ಮೇಲೆ ಇನ್ಸ್‌ಪೆಕ್ಟರು ಕೂಡ ಅವರ ಮಾತಿಗೆ ತಲೆಬಾಗುತ್ತಿದ್ದರು. ಮೂರಕ್ಕೂ ದರ್ಜಿ ಜೊತೆಗಿದ್ದ. ಮೂರು ಸಲವೂ ಇನ್ನು ಹೋಗುವುದಿಲ್ಲವೆಂದು ದೇವರಿಗೆ ಮಾತು ಕೊಟ್ಟಿದ್ದ. ಅವನಷ್ಟು ಪುಕ್ಕಲ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ.

ಡಾಕ್ಟರ ಹೆಂಡತಿ ಕುರ್ಚಿಯ ತುದಿಯಲ್ಲಿ ಕೂತು ಹೇಳಿದ್ದು ಇಷ್ಟು. ಡಾಕ್ಟರ ತೀರಿಹೋದ ತಂದೆಯದೊಂದು ಹಳೇ ಸ್ಪೋರ್ಟ್ಸ್ ಕಾರು, ಎರಡೇ ಸೀಟಿನದು. ಅದಕ್ಕೆ ಇನ್ನೂ ದೊಡ್ಡ ಎಂಜಿನ್ ಕೂರಿಸಬೇಕೆಂಬುದು ಡಾಕ್ಟರ ಹುಚ್ಚು. ಐದು ದಿನದ ಹಿಂದೆ ಅವರೂ ಅವಳ ಅಣ್ಣನೂ ಸೇರಿ ಹಳೇ ಎಂಜಿನ್ ಕಿತ್ತು ಪಕ್ಕಕ್ಕಿಟ್ಟು, ಹೊಸದನ್ನು ಪುಟ್ಟ ಕ್ರೇನಿಗೆ ಸರಪಳಿಯಲ್ಲಿ ನೇತುಹಾಕಿದರು. ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೀದಿಯವರೆಲ್ಲ ಅವನನ್ನು ಡಿಪೋದವನು ಎಂದೇ ಕರೆಯುತ್ತಿದ್ದರು. ಮಾರನೆಯ ಬೆಳಿಗ್ಗೆ ಎಂಟೂವರೆಗೆ ಅವನು ಡ್ಯೂಟಿಗೆ ಹೊರಟ, ಅವಳು ತಾನು ಕೆಲಸ ಮಾಡುವ ಗ್ರಂಥಾಲಯಕ್ಕೆ. ಆಗ ಎಂಜಿನ್ ಇನ್ನೂ ನೇತಾಡುತ್ತಿತ್ತು. ಎರಡು ಗಂಟೆಗೆ ಹಿಂದಿರುಗಿದಾಗ ಹಿತ್ತಲಿನ ಗ್ಯಾರೇಜಿನ ಬಾಗಿಲು ಮುಚ್ಚಿತ್ತು. ಕೆಲಸದ ನಡುವೆ ಕರೆದರೆ ಡಾಕ್ಟರಿಗೆ ಸಿಡುಕು. ತಲೆನೋವೆಂದು ಮಲಗಿದವಳು ನಾಲ್ಕಕ್ಕೆ ಚಹಾ ಹಿಡಿದು ಹೋದರೆ, ಕಾರಿನ ಮೂತಿಗೂ ಕೆಲಸದ ಬೆಂಚಿಗೂ ನಡುವೆ ಗಂಡ ಬಿದ್ದಿದ್ದರು. ಪಕ್ಕೆಲುಬು ಮುರಿದಿತ್ತು, ಹಣೆ ಬೆಂಚಿನ ಅಂಚಿಗೆ ಬಡಿದು ಒಡೆದಿತ್ತು. ಉಸಿರಿತ್ತು, ಎಚ್ಚರವಿರಲಿಲ್ಲ. ಈಗಲೂ ಇಲ್ಲ.

"ಎಂಜಿನ್ ಕಾರಲ್ಲಿ ಕೂತಿತ್ತು, ನಾಲ್ಕು ಬೋಲ್ಟೂ ಬಿಗಿದಿತ್ತು," ಎಂದಳು. "ಒಬ್ಬರೇ ಮಾಡಿದ್ರೆ ಮೂರು ಮೂರೂವರೆ ಗಂಟೆ ಬೇಕಂತೆ. ಹಾಗಾದ್ರೆ ಎರಡು ಗಂಟೆವರೆಗೂ ಅವರು ಚೆನ್ನಾಗೇ ಇದ್ರು, ಆಮೇಲೆ ಮನೇಲಿದ್ದೋಳು ನಾನೊಬ್ಳೇ ಅಂತಾರೆ ಪೊಲೀಸ್ನೋರು. ಆ ಕಾರಿರ್ಬೇಕು ಇಲ್ಲಾ ನಾನಿರ್ಬೇಕು ಅಂತ ನಾನು ಜಗಳ ಆಡಿದ್ದು ಬೀದಿಗೆಲ್ಲ ಗೊತ್ತು."

ಅಂದು ಬೇರೆ ಯಾರಾದರೂ ಬಂದಿದ್ದರೇ ಎಂದು ತೂಕದಮ್ಮ ಕೇಳಿದರು. ಡಾಕ್ಟರ ತಮ್ಮ ಹತ್ತು ಗಂಟೆಗೆ ಬಂದು ಹತ್ತೇ ನಿಮಿಷಕ್ಕೆ ಹೋದನಂತೆ. ಆಗಲೂ ಎಂಜಿನ್ ನೇತಾಡುತ್ತಿತ್ತು, ಡಾಕ್ಟರು ಸಿಳ್ಳೆ ಹಾಕುತ್ತ ಕೆಲಸದಲ್ಲಿದ್ದರು ಎಂದು ಅವನೇ ಪೊಲೀಸರಿಗೆ ಹೇಳಿದ್ದ. ಎರಡು ಗಂಟೆಯಿಂದ ಅವನು ತಾನು ಕೆಲಸ ಮಾಡುವ ಅಂಚೆ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತು ಜನರ ಎದುರಿಗಿದ್ದ. ಅಪ್ಪನ ಎಂಜಿನ್ ಕೀಳಬಾರದೆಂದು ಮುನಿಸಿಕೊಂಡು ಮೂರು ವರ್ಷದಿಂದ ಆ ಗ್ಯಾರೇಜಿಗೆ ಕಾಲಿಡದವನು ಅಂದೇ ಮೊದಲು ಬಂದದ್ದು.

"ನಾಳೆ ನನ್ನನ್ನ ಠಾಣೆಗೆ ಕರ್ಕೊಂಡ್ಹೋಗ್ತಾರೆ. ಹೋಗ್ತೀನಿ," ಎಂದಳು ಅವಳು. "ಆದ್ರೆ ಮಾಡಿದೋರು ಹೊರಗೇ ಇರ್ತಾರಲ್ಲ. ಇವರಿಗೆ ಎಚ್ಚರ ಆಗುತ್ತೆ ಅಂತಿದಾರೆ ಆಸ್ಪತ್ರೆ ಡಾಕ್ಟ್ರು. ಆಗೋಕ್ಕೆ ಮುಂಚೆ ಯಾರಾದ್ರೂ ಆ ರೂಮಿಗೆ ಬಂದ್ಬಿಟ್ರೆ?"

"ಈಗ ಅಲ್ಲಿ ಯಾರಿದಾರೆ?"

"ನಮ್ಮಣ್ಣ. ಎರಡು ಗಂಟೆಗೆ ಮೈದುನ ಬರ್ತಾನೆ. ಪಾಪ, ರಜ ಹಾಕಿ ದಿನಾ ಕೂರ್ತಿದಾನೆ."

ತೂಕದಮ್ಮ ಗಡಿಯಾರ ನೋಡಿ ಎದ್ದರು. ಹನ್ನೆರಡೂ ಕಾಲಾಗಿತ್ತು.

ಗ್ಯಾರೇಜು ಹಲ್ಲಿನ ಆಸ್ಪತ್ರೆಯಷ್ಟೇ ಶುಚಿಯಾಗಿತ್ತು. ಸ್ಪ್ಯಾನರುಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ತೂಗುತ್ತಿದ್ದವು. ತೊಳೆದ ಬೋಲ್ಟುಗಳು ಮೊಟ್ಟೆಯ ಟ್ರೇಯ ಗುಳಿಗಳಲ್ಲಿ ಒಂದೊಂದಾಗಿ ಕೂತಿದ್ದವು. ಕಾರಿನ ಬಾನೆಟ್ ತೆರೆದೇ ಇತ್ತು. ಬೆಂಚಿನ ಮುಂದೆ ನೆಲದ ಮೇಲೆ ಒಣಗಿದ ಕಲೆ. ದರ್ಜಿ ಅದನ್ನು ಸುತ್ತಿ ಬಳಸಿ ಗೋಡೆಗೆ ಬೆನ್ನಾನಿಸಿ ನಿಂತ. ಮುಚ್ಚಿದ ಬಾಗಿಲಿನ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೆಂದೇ ಅವನಿಗೆ ಅನಿಸುತ್ತಿತ್ತು.

"ಟೇಪು ಕೊರಳಲ್ಲೇ ಇದ್ಯಲ್ಲ, ಬಾ ಇಲ್ಲಿ," ಎಂದರು ತೂಕದಮ್ಮ.

ಬೆಂಚಿನ ಮುಂಭಾಗದ ಹಲಗೆಯಲ್ಲೊಂದು ಹಸಿ ಗೀರಿತ್ತು. ಬಂಪರಿನ ಅಂಚು ಬಡಿದು ಮರ ಸಿಗಿದಿತ್ತು. ನೆಲದಿಂದ ಇಪ್ಪತ್ತೊಂದು ಅಂಗುಲ. ಕಾರಿನ ಬಂಪರ್ ಅಳೆದರೆ ಹದಿನೆಂಟೇ. ತಪ್ಪಾಯಿತೇನೋ ಎಂದು ದರ್ಜಿ ಇನ್ನೊಮ್ಮೆ ಅಳೆದ. ಗೀರು ಬಂಪರಿಗಿಂತ ನಾಲ್ಕು ಬೆರಳು ಮೇಲೇ ಇತ್ತು. ಅದರೊಳಗೆ ಏನೋ ಮಿನುಗಿತು. ಉಗುರಿನಿಂದ ಕೆದಕಿದಾಗ ಬಂದದ್ದು ಅರ್ಧ ಗುಂಡಿ, ಜೊತೆಗೆ ಒಂದೆಳೆ ದಾರ.

"ಇದು ನಾನು ಹೊಲಿದದ್ದು," ಎಂದ ದರ್ಜಿ. "ಡಾಕ್ಟ್ರ ಕೆಲಸದ ಕೋಟಿಗೆ. ಅವರು ಬೀಳೋ ಹಿಂದಿನ ದಿನ."

ತೂಕದಮ್ಮ ಅದನ್ನು ಕಾಗದದಲ್ಲಿ ಮಡಿಸಿಟ್ಟು ಎಂಜಿನಿನ ಮೇಲೆ ಬಗ್ಗಿದರು. ಕಾರಿನ ಬಹುಪಾಲು ಬೋಲ್ಟುಗಳ ತಲೆಯಿಂದ ಪಕ್ಕದ ಲೋಹಕ್ಕೆ ಒಂದೊಂದು ಕೆಂಪು ಗೆರೆ ಎಳೆದಿತ್ತು. ಅದು ತನ್ನ ಉಗುರಿನ ಬಣ್ಣ ಎಂದಳು ಹೆಂಡತಿ. ಬಿಗಿದದ್ದು ಸಡಿಲವಾದರೆ ಗೆರೆ ಎರಡು ತುಂಡಾಗಿ ಕಾಣುತ್ತದೆಂದು ಗಂಡ ಎರಡು ವರ್ಷದಿಂದ ಅವಳ ಸೀಸೆಗಳನ್ನು ಖಾಲಿ ಮಾಡುತ್ತಿದ್ದರು. ಡಿಪೋದವನು ಬಿಗಿದ ಕಡೆ ಹಳದಿ ಪೇಂಟಿನ ಚುಕ್ಕೆ. ಅದು ಅವರ ಡಿಪೋದ ಪದ್ಧತಿ. ಹೊಸ ಎಂಜಿನನ್ನು ಹಿಡಿದಿದ್ದ ನಾಲ್ಕು ಬೋಲ್ಟುಗಳ ಮೇಲೆ ಮಾತ್ರ ಗೆರೆ ತೆಳ್ಳಗೆ, ನೀಲಿಯಾಗಿತ್ತು.

ದರ್ಜಿ ಅದನ್ನು ನೋಡಿದೊಡನೆ ಗುರುತು ಹಿಡಿದ. ದಿನಕ್ಕೆ ನೂರು ಸಲ ಬಟ್ಟೆಯ ಮೇಲೆ ತಾನೆಳೆಯುವ ಚಾಕ್‌ಪೀಸಿನ ಗೆರೆ ಅದು. ಇದು ಇಲ್ಲಿಗೆ ಹೇಗೆ ಬಂತು? ಯಾರಾದರೂ ಕೇಳಿದರೆ ಏನೆಂದು ಹೇಳುವುದು?

ತೂಕದಮ್ಮ ಅವನ ಮುಖ ನೋಡಿದರು. ಅವನನ್ನು ಬಾಗಿಲ ಹೊರಗೆ ಕರೆದೊಯ್ದು ಸಣ್ಣ ದನಿಯಲ್ಲಿ ಹೇಳಿದರು. "ನೀನು ಆಸ್ಪತ್ರೆಗೆ ಹೋಗು. ನಾನು ಹೇಳಿ ಕಳಿಸೋ ತನಕ ಆ ಹಾಸಿಗೆ ಬಿಟ್ಟು ಏಳ್ಬೇಡ. ನೀರಿಗೂ ಏಳ್ಬೇಡ."

"ಯಾಕಮ್ಮ?"

"ಯಾಕೆ ಅಂತ ಗೊತ್ತಾದ್ರೆ ನೀನು ಹೋಗಲ್ಲ."

ಆಸ್ಪತ್ರೆಯಲ್ಲಿ ಡಿಪೋದವನು ದರ್ಜಿಗೆ ಜಾಗ ಬಿಟ್ಟು, ಭಾವನ ಪಾದ ಮುಟ್ಟಿ ಹೊರಟ. ಎರಡು ಗಂಟೆಗೆ ಡಾಕ್ಟರ ತಮ್ಮ ಬಂದ. ಸೌಮ್ಯವಾದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ನೀವೇಕೆ ತೊಂದರೆ ತೆಗೆದುಕೊಂಡಿರಿ, ಹೋಗಿ ಊಟ ಮಾಡಿ ಬನ್ನಿ ಎಂದ. ಹಸಿವಿಲ್ಲವೆಂದ ದರ್ಜಿ, ಹೊಟ್ಟೆ ಆಗಲೇ ತಾಳ ಹಾಕುತ್ತಿತ್ತು. ಅರ್ಧ ಗಂಟೆಯ ಮೇಲೆ ಅದೇ ಮಾತು. ಇನ್ನರ್ಧ ಗಂಟೆಗೆ ಮತ್ತೆ. ಹಾಸಿಗೆಯ ಮೇಲೆ ಡಾಕ್ಟರ ಎದೆ ಏರಿ ಇಳಿಯುತ್ತಿತ್ತು. ದರ್ಜಿ ಆ ಏರಿಳಿತಕ್ಕೆ ಹೊಂದಿಸಿ ಮನಸ್ಸಿನಲ್ಲೇ ದೇವರ ಹೆಸರು ಹೇಳತೊಡಗಿದ, ಒಂದು ಉಸಿರಿಗೆ ಒಂದು ಹೆಸರು.

ತಮ್ಮ ಎದ್ದು ಅಣ್ಣನ ತಲೆಯಡಿಯ ದಿಂಬನ್ನು ಮೆಲ್ಲಗೆ ಎಳೆದುಕೊಂಡ. ಸರಿಪಡಿಸುವವನಂತೆ ತಟ್ಟಿದ. ತಟ್ಟಿದ ಮೇಲೂ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತೇ ಇದ್ದ.

"ದಿಂಬು ಕೊಡಿ, ನಾನಿಡ್ತೀನಿ," ಎಂದ ದರ್ಜಿ. ಕೂತಲ್ಲಿಂದಲೇ ಎರಡೂ ಕೈ ಚಾಚಿದ.

ತಮ್ಮ ಬೆಚ್ಚಿ ಕೊಟ್ಟ. ಕೂತ. ಆಮೇಲೆ ಏನಾದರೂ ಮಾತಾಡಬೇಕೆಂಬಂತೆ ನಕ್ಕ. "ನಿಮ್ಮ ಅಂಗಡಿ ನನಗೆ ಚಿಕ್ಕಂದಿನಿಂದ ಗೊತ್ತು. ಅಪ್ಪ ಚಾಕ್ ತರೋಕೆ ನನ್ನನ್ನೇ ಕಳಿಸ್ತಿದ್ರು. ನೀಲಿದೇ ಆಗ್ಬೇಕು ಅವರಿಗೆ. ಬೋಲ್ಟ್ ಬಿಗಿದು ಗೆರೆ ಹಾಕದೇ ಹೋದ್ರೆ ನನಗೂ ಅಣ್ಣನಿಗೂ ಕಿವಿ ಹಿಂಡ್ತಿದ್ರು. ಡ್ರಾಯರಲ್ಲಿ ಇನ್ನೂ ಒಂದು ಡಬ್ಬಿ ಇದೆ."

ಕಿಟಕಿಯ ಹೊರಗೆ ಬಿಸಿಲು ಹಾಗೇ ಇತ್ತು. ದರ್ಜಿಯ ಮನಸ್ಸಿನಲ್ಲಿ ದೇವರ ಹೆಸರು ಅರ್ಧಕ್ಕೇ ನಿಂತಿತು. ಮೂರು ವರ್ಷದಿಂದ ಗ್ಯಾರೇಜಿಗೆ ಬಾರದವನಿಗೆ, ಹತ್ತು ನಿಮಿಷ ನಿಂತು ಹೋದವನಿಗೆ, ಡ್ರಾಯರಿನಲ್ಲಿ ಡಬ್ಬಿ ಇನ್ನೂ ಇರುವುದು ಹೇಗೆ ಗೊತ್ತು? ಅವನು ದಿಂಬನ್ನು ಎದೆಗವಚಿಕೊಂಡು ಕೂತ. ಬಾಗಿಲಿಗೆ ಐದು ಹೆಜ್ಜೆ, ತಮ್ಮನಿಗೆ ಎರಡು. ಓಡಬೇಕೆನಿಸಿತು. ಓಡಿದರೆ ಹಾಸಿಗೆ ಒಂಟಿಯಾಗುತ್ತಿತ್ತು. ನಾಲ್ಕು ಗಂಟೆಗೆ ಪೇದೆ ಬಂದು, ಇಬ್ಬರನ್ನೂ ಗ್ಯಾರೇಜಿಗೆ ಕರೆಯುತ್ತಿದ್ದಾರೆ, ಇಲ್ಲಿ ನಾನಿರುತ್ತೇನೆ ಎಂದಾಗ, ದಿಂಬಿನ ಗೌಸಿನ ಮೇಲೆ ಅವನ ಹತ್ತೂ ಬೆರಳಿನ ಬೆವರು ಮೂಡಿತ್ತು.

ಗ್ಯಾರೇಜಿನಲ್ಲಿ ಇನ್ಸ್‌ಪೆಕ್ಟರು, ಡಾಕ್ಟರ ಹೆಂಡತಿ, ಡಿಪೋದವನು ಕಾಯುತ್ತಿದ್ದರು. ದರ್ಜಿ ನೇರ ಹೋಗಿ ತೂಕದಮ್ಮನ ಕಿವಿಯಲ್ಲಿ ಚಾಕ್ ಡಬ್ಬಿಯ ವಿಷಯ ಹೇಳಿದ. ಅವರು ಅವನ ಭುಜ ತಟ್ಟಿ ಎಲ್ಲರತ್ತ ತಿರುಗಿದರು.

"ಲಾರಿ ಖಾಲಿ ಇದ್ರೆ ಮೈ ಎತ್ತಿ ನಿಲ್ಲುತ್ತೆ, ಭಾರ ಬಿದ್ರೆ ಕುಗ್ಗುತ್ತೆ. ಕಾರಿನ ಮೂತೀನೂ ಹಾಗೇ. ಎಂಜಿನ್ ಕಿತ್ತಾಗ ಏಳುತ್ತೆ, ದೊಡ್ಡ ಎಂಜಿನ್ ಕೂತಾಗ ಮೊದಲಿಗಿಂತ ಇಳಿಯುತ್ತೆ. ಈ ಗೀರು ಈಗಿನ ಬಂಪರಿಗಿಂತ ನಾಲ್ಕು ಬೆರಳು ಮೇಲಿದೆ."

"ಹಳೇ ಗೀರಿದ್ದೀತು," ಎಂದರು ಇನ್ಸ್‌ಪೆಕ್ಟರು.

ತೂಕದಮ್ಮ ಕಾಗದ ಬಿಚ್ಚಿ ಅರ್ಧ ಗುಂಡಿ ತೋರಿಸಿದರು. ಡಾಕ್ಟರು ಬೆಂಚಿನ ಕೆಳ ಡ್ರಾಯರಿಗೆ ಬಗ್ಗಿ ಕೂತಿದ್ದಾಗ ಕಾರು ಬಂದು ಒತ್ತಿದೆ, ಕೋಟಿನ ಅಂಚು ಬಂಪರಿಗೆ ಸಿಕ್ಕಿ ಗುಂಡಿ ಮರದೊಳಗೆ ಹೂತಿದೆ. ಆ ಕೋಟಿಗೆ ಆ ಗುಂಡಿ ಬಂದು ಒಂದೇ ದಿನವಾಗಿತ್ತು ಎಂದು ವಿವರಿಸಿದರು. ಅಂದರೆ ಏಟು ಬಿದ್ದಾಗ ಕಾರಿನಲ್ಲಿ ಎಂಜಿನ್ ಇರಲಿಲ್ಲ. ಬಿದ್ದ ಮನುಷ್ಯ ಎದ್ದು ಎಂಜಿನ್ ಕೂರಿಸಲಾರ. ಕೂರಿಸಿದವರು ಬೇರೆ, ಡಾಕ್ಟರು ಮಧ್ಯಾಹ್ನದವರೆಗೆ ಚೆನ್ನಾಗಿದ್ದರೆಂದು ಲೋಕ ನಂಬಲಿ ಎಂದೇ ಕೂರಿಸಿದರು. ಎರಡಕ್ಕೆ ಬಂದ ಹೆಂಡತಿಗೆ ಆ ಮೂರು ಗಂಟೆಯ ಕೆಲಸಕ್ಕೆ ಹೊತ್ತಿರಲಿಲ್ಲ.

"ಹಾಗಾದ್ರೆ ಎಲ್ಲರ ಕಣ್ಣು ನನ್ನ ಮೇಲೇ," ಎಂದ ಡಿಪೋದವನು. "ಎಂಜಿನ್ ಕೆಲಸ ಬರೋ ಕಳ್ಳ ನಾನೊಬ್ನೇ."

"ನೀನು ಡಿಪೋದಲ್ಲಿ ಬಸ್ಸಿನ ಕೆಳಗೆ ಮಲಗಿದ್ದೆ, ಹನ್ನೆರಡು ಜನ ನೋಡಿದಾರೆ. ನೀನಾಗಿದ್ರೆ ಹಳದಿ ಚುಕ್ಕೆ ಇಡ್ತಿದ್ದೆ. ಡಾಕ್ಟ್ರಾಗಿದ್ರೆ ಕೆಂಪು ಗೆರೆ. ಇಲ್ಲಿರೋದು ನೀಲಿ ಚಾಕ್‌ಪೀಸು. ಈ ಮನೇಲಿ ಚಾಕ್‌ಪೀಸಿನ ಗೆರೆ ಕಲಿತೋರು ಇಬ್ಬರೇ. ಒಬ್ರು ಎರಡು ವರ್ಷದ ಹಿಂದೆ ಬಿಟ್ರು. ಬಿಟ್ಟಿದ್ದು ಇನ್ನೊಬ್ಬನಿಗೆ ಗೊತ್ತಿರ್ಲಿಲ್ಲ, ಅವನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ. ಅಣ್ಣನ ಕೈಕೆಲಸದ ಹಾಗೇ ಕಾಣ್ಲಿ ಅಂತ ಅಪ್ಪನ ಗೆರೆ ಎಳೆದ."

ಎಲ್ಲರೂ ತಮ್ಮನತ್ತ ತಿರುಗಿದರು. ಆ ಎಂಜಿನನ್ನು ಅಷ್ಟು ದ್ವೇಷಿಸಿದವನು ತನ್ನ ಕೈಯಾರೆ ಅದನ್ನು ಕೂರಿಸಿದನೆಂದು ಯಾರ ಎಣಿಕೆಗೂ ಬಂದಿರಲಿಲ್ಲ. ಅವನು ಮಾತ್ರ ಮೂಲೆಯಲ್ಲಿ ಗೋಣಿ ಹೊದ್ದು ಕೂತಿದ್ದ ಹಳೇ ಎಂಜಿನನ್ನು ನೋಡುತ್ತಿದ್ದ.

"ಅಪ್ಪನ ಎಂಜಿನ್ ಗುಜರಿಗೆ ಹಾಕ್ತೀನಿ ಅಂದ ಅಣ್ಣ," ಎಂದ. "ಬೆನ್ನು ತಿರುಗಿಸಿಕೊಂಡೇ ಅಂದ. ಹಿಂದಿನಿಂದ ಕಾರು ದೂಡಿದೆ. ಬೆದರಿಸೋಣ ಅಂತ ಅಷ್ಟೆ. ಅದು ಅಷ್ಟು ಹಗುರ ಆಗಿರುತ್ತೆ ಅಂತ ಗೊತ್ತಿರ್ಲಿಲ್ಲ. ಹಾರಿಹೋಯ್ತು ಕೈಯಿಂದ. ಸತ್ತೇ ಹೋದ ಅಂದ್ಕೊಂಡೆ."

"ಮೂರು ಗಂಟೆ ಅವನ ಪಕ್ಕದಲ್ಲೇ ಬೋಲ್ಟ್ ಬಿಗಿದೆಯಲ್ಲ," ಎಂದರು ತೂಕದಮ್ಮ. "ಒಂದ್ಸಲಾನೂ ಮೂಗಿನ ಹತ್ರ ಕೈ ಹಿಡೀಲಿಲ್ವಾ?"

"ಭಯ ಆಯ್ತು."

"ಆಸ್ಪತ್ರೇಲಿ?"

"ದಿನಾ ದಿಂಬು ಎತ್ತಿದೆ," ಎಂದ ಅವನು. "ದಿನಾ ಕೆಳಗಿಟ್ಟೆ. ಇವತ್ತು ಏನು ಮಾಡ್ತಿದ್ನೋ ನನಗೇ ಗೊತ್ತಿಲ್ಲ."

ದರ್ಜಿ ತನ್ನ ಕೈಗಳನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡ.

ಡಾಕ್ಟರಿಗೆ ಎಚ್ಚರವಾದದ್ದು ಮತ್ತೂ ಮೂರು ದಿನ ಕಳೆದು. ಹೆಂಡತಿ ಪಕ್ಕದಲ್ಲೇ ಇದ್ದಳು, ಒಂದೇ ಜೋಡಿಯ ಚಪ್ಪಲಿಯಲ್ಲಿ. ಎರಡು ತಿಂಗಳಿಗೆ ಅವರು ಕೋಲೂರಿಕೊಂಡು ಗ್ಯಾರೇಜಿಗೆ ಬಂದರು. ಗುಂಡಿ ಹೊಲಿದ ಕೋಟು ಕೊಡಲು ಹೋಗಿದ್ದ ದರ್ಜಿ ಬಾಗಿಲಲ್ಲೇ ನಿಂತ. ಈ ಹೊಸದನ್ನು ಕಿತ್ತೆಸೆದು ಹಳೇ ಎಂಜಿನ್ ಕೂರಿಸೋಣ ಎಂದು ಡಿಪೋದವನು ಸ್ಪ್ಯಾನರ್ ಎತ್ತಿಕೊಂಡ. ಡಾಕ್ಟರು ಅದನ್ನು ಇಸಿದುಕೊಂಡು ನಾಲ್ಕು ಬೋಲ್ಟುಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿದರು. ಒಂದೂ ಕದಲಲಿಲ್ಲ.

"ಅಪ್ಪ ಹೇಳ್ಕೊಟ್ಟ ಹಾಗೇ ಬಿಗಿದಿದಾನೆ," ಎಂದರು.

ಹೆಂಡತಿ ಕೆಂಪು ಬಣ್ಣದ ಸೀಸೆ ಮುಂದೆ ಹಿಡಿದಳು. ಅವರು ಕುಂಚ ಅದ್ದಿ ಮೊದಲ ಬೋಲ್ಟಿನವರೆಗೆ ಒಯ್ದರು. ನೀಲಿ ಗೆರೆ ಮಾಸಿರಲಿಲ್ಲ. ಅದರ ಮೇಲೆ ಕೆಂಪು ಬಳಿಯದೆ, ಕುಂಚವನ್ನು ಸೀಸೆಗೆ ಹಿಂದಿರುಗಿಸಿ, ಬಾನೆಟ್ ಮುಚ್ಚಿದರು.