ಉಪ್ಪಿಲ್ಲದ ತುತ್ತು

ಬಹಳ ಹಿಂದೆ, ಮರಗಿಡಗಳೂ ಮಾತಿಗೆ ಓಗೊಡುತ್ತಿದ್ದ ಕಾಲದಲ್ಲಿ, ತಾವರೆಕೋಟೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಉಪ್ಪಿಗೆ ದೊಡ್ಡ ಮರ್ಯಾದೆ. ಯಾರೇ ಉಣ್ಣಲು ಕುಳಿತರೂ ಎಲೆಯ ತುದಿಗೆ ಮೊದಲು ಉಪ್ಪು ಬೀಳಬೇಕು, ಉಳಿದದ್ದೆಲ್ಲ ಆಮೇಲೆ. ಉಪ್ಪಿಲ್ಲದ ಅನ್ನ ಕೊಟ್ಟರೆ, ಇಂದಿಗೆ ನಿನ್ನ ನನ್ನ ನಂಟು ಮುಗಿಯಿತು ಎಂದು ಅರ್ಥ. ಅಲ್ಲಿ ಸಪ್ಪೆ ಊಟ ಬಡಿಸುತ್ತಿದ್ದುದು ಹಗೆಗಳಿಗೆ ಮಾತ್ರ.

ಆ ರಾಜ್ಯವನ್ನು ಆಳುತ್ತಿದ್ದವನು ವೀರಶೇಖರ. ಅವನಿಗೆ ಇಬ್ಬರು ಮಕ್ಕಳು. ಹಿರಿಯಳು ಚಿತ್ರಾಂಬೆ, ಕಿರಿಯವನು ವಸಂತಸೇನ. ತಾಯಿ ಬೇಗ ತೀರಿಕೊಂಡಿದ್ದಳು. ತಮ್ಮನಿಗೆ ತುತ್ತು ಕಲಸಿ ಉಣಿಸಿ ಬೆಳೆಸಿದವಳು ಅಕ್ಕನೇ. ಮೀಸೆ ಚಿಗುರಿದರೂ ವಸಂತಸೇನನಿಗೆ ಸಿಹಿಯ ಚಪಲ ಹೋಗಲಿಲ್ಲ. ಹೋಳಿಗೆ ಎಂದರೆ ಪ್ರಾಣ. ಖಾರ ಎಂದರೆ ಕಣ್ಣೀರು. ಸಾರಿನಲ್ಲಿ ಒಂದು ಮೆಣಸಿನ ಚೂರು ಸಿಕ್ಕರೂ ನೀರಿನ ಚೊಂಬಿಗೆ ಓಡುತ್ತಿದ್ದ. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು.

ಕುಟಿಲಾಂಗನಿಗೂ ಗೊತ್ತಿತ್ತು. ಕುಟಿಲಾಂಗ ಎಂದರೆ ಗುಡ್ಡಗಳಾಚೆಯ ಮಾಂತ್ರಿಕ. ತಾವರೆಕೋಟೆಯ ಕಿರೀಟದ ಮೇಲೆ ಅವನ ಕಣ್ಣು. ಒಂದು ದಿನ ಮಿಠಾಯಿ ಮಾರುವವನ ವೇಷ ಹಾಕಿಕೊಂಡು ಅರಮನೆಯ ಬಾಗಿಲಿಗೆ ಬಂದ. ಅವನ ಬುಟ್ಟಿಯ ತುಂಬ ಹೊನ್ನಿನ ಬಣ್ಣದ ಉಂಡೆಗಳು, ಎಣ್ಣೆಯಲ್ಲಿ ಕರಿದು ಸಕ್ಕರೆ ಪಾಕದಲ್ಲಿ ಅದ್ದಿದವು. ವಸಂತಸೇನ ಒಂದನ್ನು ಬಾಯಿಗೆ ಹಾಕಿಕೊಂಡ. ನುಂಗುವುದರೊಳಗೆ ಗಿಳಿಯಾದ. ಚೆಂದದ ಗಿಳಿಯೂ ಅಲ್ಲ. ಅಲ್ಲಲ್ಲಿ ಗರಿ ಉದುರಿ ಚರ್ಮ ಕಾಣುವ, ರೆಕ್ಕೆ ಎತ್ತಲಾರದ ಗಿಳಿ. ಅದರ ಬಾಯಲ್ಲಿ ಒಂದೇ ಒಂದು ಮಾತು ಉಳಿದಿತ್ತು.

"ಅಕ್ಕ."

ಆ ಕೂಗಿಗೆ ರಾಜನೂ ಚಿತ್ರಾಂಬೆಯೂ ಓಡಿಬಂದರು. ಕುಟಿಲಾಂಗ ವೇಷ ಕಳಚಿ ನಕ್ಕ. "ಕಿರೀಟ ಕೊಡು ಮಹಾರಾಜ, ಮಗನನ್ನು ಕೊಡುತ್ತೇನೆ. ಆ ಒಂದು ಮಾತನ್ನೂ ಮರೆತ ದಿನ ಇವನು ಎಂದೆಂದಿಗೂ ಗಿಳಿಯೇ."

ರಾಜನ ಕೈ ಕಿರೀಟದ ಕಡೆಗೆ ಹೋಯಿತು. ಚಿತ್ರಾಂಬೆ ಆ ಕೈ ಹಿಡಿದಳು.

"ತಡೆಯಿರಿ ಅಪ್ಪಾಜಿ. ಇವನು ಕಟ್ಟಿದ್ದು ಒಂದು ತುತ್ತಿನಿಂದ. ತುತ್ತಿನಿಂದಲೇ ಬಿಡಿಸುತ್ತೇನೆ. ಸವಾಲು ಹೇಳು ಮಾಂತ್ರಿಕ."

ಮಾಂತ್ರಿಕರಿಗೂ ಒಂದು ಕಟ್ಟಳೆಯಿದೆ. ಸವಾಲು ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಕುಟಿಲಾಂಗ ಹಲ್ಲು ಕಡಿದು ಹೇಳಿದ.

"ಮೂರು ಹುಣ್ಣಿಮೆ. ಮೊದಲನೆಯದಕ್ಕೆ ಇವನ ಮೈತುಂಬ ಗರಿ ಬಂದಿರಬೇಕು. ಎರಡನೆಯದಕ್ಕೆ ಕೋಟೆಯ ಕೆರೆಯನ್ನು ಹಾರಿ ದಾಟಬೇಕು. ಮೂರನೆಯದಕ್ಕೆ ನಿನ್ನ ತಮ್ಮನನ್ನು ನೀನು ಗುರುತಿಸಬೇಕು. ಒಂದರಲ್ಲಿ ತಪ್ಪಿದರೂ ಕಿರೀಟ ನನ್ನದು, ಗಿಳಿ ನಿನ್ನದು. ಹಾಂ, ಪಂಜರದಲ್ಲಿ ಇಡುವಂತಿಲ್ಲ."

ಹೀಗೆಂದು ಅಂಗಳದಲ್ಲಿ ಒಂದು ಬೀಜ ಎಸೆದ. ಎಸೆದಲ್ಲೇ ಮರ ಎದ್ದಿತು. ಮರದ ತುಂಬ ಹೊನ್ನುಂಡೆಗಳು ತೂಗಿದವು. ಗಿಳಿ ತೆವಳುತ್ತ ಮರದ ಬುಡಕ್ಕೆ ಹೋಗಿ, ಬಿದ್ದ ಉಂಡೆಯನ್ನು ಕುಕ್ಕಿತು. ಕುಕ್ಕಿದಂತೆಲ್ಲ ಗರಿ ಉದುರಿತು. ಅಕ್ಕ ಎಂಬ ದನಿ ಒಂದು ಎಳೆ ತೆಳುವಾಯಿತು.

ಚಿತ್ರಾಂಬೆ ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋದಳು. ಅರಮನೆಯ ಅಡುಗೆಯ ದುಗ್ಗಪ್ಪ ಮೂಗಿನ ಮೇಲೆ ಬೆರಳಿಟ್ಟ. "ಅಮ್ಮಣ್ಣಿ, ಒಲೆಯ ಮುಂದೆ ನೀವೇ? ನಾನು ಸತ್ತಿಲ್ಲವಲ್ಲ!"

"ನೀವು ಕಾಯಿ ತುರಿಯಿರಿ ದುಗ್ಗಣ್ಣ. ಉಳಿದದ್ದು ನನ್ನ ಕೈಯದೇ ಆಗಬೇಕು."

ತಮ್ಮನಿಗೆ ಏನೇನು ಇಷ್ಟವೋ ಎಲ್ಲ ಮಾಡಿದಳು. ಹೋಳಿಗೆ ಮಾಡಿದಳು, ಚಕ್ಕುಲಿ ಕರಿದಳು, ತುಪ್ಪದ ಅನ್ನ ಕಲಸಿದಳು. ಎಲೆ ಹಾಕಿ, ತುದಿಗೆ ಉಪ್ಪಿಟ್ಟು ಬಡಿಸಿದಳು. ಗಿಳಿ ಉಪ್ಪನ್ನೂ ನೆಕ್ಕಿತು, ಹೋಳಿಗೆಯನ್ನೂ ಕುಕ್ಕಿತು. ಸಂಜೆಯ ಹೊತ್ತಿಗೆ ತಲೆ ನೆಟ್ಟಗೆ ನಿಲ್ಲಲಿಲ್ಲ. ನೀರು ಕುಡಿದು ಕುಡಿದು ಮೂಲೆಯಲ್ಲಿ ಮುದುಡಿ ಕುಳಿತಿತು. ಬೆಳಗಾದಾಗ ಕತ್ತಿನ ಗರಿಗಳೂ ನೆಲದ ಮೇಲಿದ್ದವು.

ಕುಟಿಲಾಂಗ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ. "ಸೋತೆಯಾ ರಾಜಕುಮಾರಿ?"

"ನನ್ನ ಒಲೆ ಇನ್ನೂ ಆರಿಲ್ಲ" ಎಂದಳು ಚಿತ್ರಾಂಬೆ.

ಗಿಳಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳು ಕಾಡಿಗೆ ನಡೆದಳು. ಕಾಡಿನ ನಡುವೆ ದೊಡ್ಡ ಮರ, ಮರದಲ್ಲಿ ಮುದಿ ಮಂಗಟ್ಟೆ ಹಕ್ಕಿ. ಆ ಹಕ್ಕಿಯ ಹೆಂಡತಿ ಪೊಟರೆಯೊಳಗೆ ಸೇರಿ ಬಾಗಿಲಿಗೆ ಮಣ್ಣು ಮೆತ್ತಿಕೊಂಡು ಮೊಟ್ಟೆಗೆ ಕಾವು ಕೊಡುತ್ತಿತ್ತು. ಸಣ್ಣ ಕಿಂಡಿಯೊಂದು ಉಳಿದಿತ್ತು. ಗಂಡ ಹಕ್ಕಿ ಹಣ್ಣು ತಂದು ತಂದು ಆ ಕಿಂಡಿಯಲ್ಲಿ ಉಣಿಸುತ್ತಿತ್ತು. ಉಣಿಸುವುದರಲ್ಲಿ ಅದನ್ನು ಮೀರಿಸಿದವರು ಆ ಕಾಡಿನಲ್ಲಿ ಇರಲಿಲ್ಲ.

"ಅಜ್ಜಾ, ನನ್ನ ತಮ್ಮ ಸಾಯುತ್ತಿದ್ದಾನೆ" ಎಂದಳು ಚಿತ್ರಾಂಬೆ. ಮಾಡಿದ ಅಡುಗೆಯನ್ನೆಲ್ಲ ಹೇಳಿದಳು.

ಮಂಗಟ್ಟೆ ದೊಡ್ಡ ಕೊಕ್ಕನ್ನು ಓರೆ ಮಾಡಿ ಕೇಳಿತು. "ಹೋಳಿಗೆ ಯಾರಿಗೆ ಮಾಡಿದೆ, ಹುಡುಗಿ?"

"ನನ್ನ ತಮ್ಮನಿಗೆ."

"ತಿಂದದ್ದು ಯಾರು?"

ಅವಳು ಸೆರಗಿನಲ್ಲಿದ್ದ ಗಿಳಿಯನ್ನು ನೋಡಿದಳು.

ಪೊಟರೆಯೊಳಗಿಂದ ಹೆಂಡತಿ ಹಕ್ಕಿ ಕೂಗಿತು. "ಯಾರ ಹತ್ತಿರ ಹರಟೆ? ಹಣ್ಣು ತಂದಿರೋ, ಬರೀ ಮಾತೇ ತಂದಿರೋ?"

"ತಂದೆ ಮಾರಾಯ್ತಿ, ತಂದೆ!" ಎಂದು ಒಂದು ಅತ್ತಿಹಣ್ಣನ್ನು ಕಿಂಡಿಗೆ ಕೊಟ್ಟು ಮಂಗಟ್ಟೆ ಇತ್ತ ತಿರುಗಿತು. "ಕೇಳು. ಮೊದಲ ಸಲ ನಾನು ನನಗೆ ಇಷ್ಟವಾದ ಹಲ್ಲಿ ತಂದು ಕೊಟ್ಟಿದ್ದೆ. ಇವಳು ನನ್ನ ಮುಖಕ್ಕೇ ಉಗಿದಳು. ಅಂದಿನಿಂದ ಇವಳ ಕೊಕ್ಕು ನೋಡಿಯೇ ತರುತ್ತೇನೆ. ನೀನೂ ನೆನಪು ನೋಡಬೇಡ, ಕೊಕ್ಕು ನೋಡು. ಕಾಡಿನ ಗಿಳಿ ಉಪ್ಪು ನೆಕ್ಕುವುದನ್ನು ಕಂಡಿದ್ದೀಯಾ? ಎಣ್ಣೆಯಲ್ಲಿ ಕರಿದದ್ದನ್ನು ತಿನ್ನುವುದನ್ನು?"

ಚಿತ್ರಾಂಬೆ ಕಾಡಿನಲ್ಲಿ ಕುಳಿತು ನೋಡಿದಳು. ಗಿಳಿಗಳು ನವಣೆಯ ತೆನೆಗೆ ಜೋತುಬಿದ್ದು ಕಾಳು ಸುಲಿದವು. ಸೀಬೆ ಕಚ್ಚಿದವು, ಎಳೆ ಚಿಗುರು ಚಿವುಟಿದವು. ನೋಡಿ ನೋಡಿ ಮನೆಗೆ ಬಂದಳು.

ಹೆಸರುಕಾಳು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿದಳು. ನವಣೆಯನ್ನು ಮೆತ್ತಗೆ ಬೇಯಿಸಿದಳು. ಸಿಹಿಗುಂಬಳವನ್ನು ಹಬೆಯಲ್ಲಿ ಬೇಯಿಸಿ ಹಿಸುಕಿದಳು. ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ ಬೆರೆಸಿದಳು. ಎಣ್ಣೆ ಹಾಕಲಿಲ್ಲ, ಬೆಲ್ಲ ಹಾಕಲಿಲ್ಲ. ದುಗ್ಗಪ್ಪ ಉಪ್ಪಿನ ಬಟ್ಟಲು ಮುಂದೆ ಹಿಡಿದ.

"ಬೇಡ ದುಗ್ಗಣ್ಣ."

ದುಗ್ಗಪ್ಪ ಬಾಗಿಲಿಗೆ ಅಡ್ಡ ನಿಂತ. "ಉಪ್ಪಿಲ್ಲದ ತುತ್ತು ಈ ಅಡುಗೆಮನೆಯ ಹೊಸ್ತಿಲು ದಾಟುವುದೇ? ಅದೂ ನಿಮ್ಮ ತಮ್ಮನವರಿಗೆ? ಅದಕ್ಕಿಂತ ನನ್ನ ಸೌಟು ಮುರಿದುಹಾಕಿ ತಾಯಿ."

ಸುದ್ದಿ ರಾಜನಿಗೆ ಮುಟ್ಟಿತು. ವೀರಶೇಖರ ಧಾವಿಸಿ ಬಂದ. "ಬದುಕಿರುವ ತಮ್ಮನ ನಂಟು ಹರಿಯುತ್ತೀಯಾ ಚಿತ್ರಾ? ನಿನ್ನ ಅಮ್ಮ ಇದ್ದಿದ್ದರೆ ಸಹಿಸುತ್ತಿದ್ದಳೇ?"

"ಅಮ್ಮ ಇದ್ದಿದ್ದರೆ ಮಗುವನ್ನು ಬದುಕಿಸುವುದನ್ನೇ ಉಣಿಸುತ್ತಿದ್ದಳು ಅಪ್ಪಾಜಿ" ಎಂದಳು ಚಿತ್ರಾಂಬೆ. ರಾಜ ಬೆನ್ನು ತಿರುಗಿಸಿ ಹೊರಟುಹೋದ. ಅಂದಿನಿಂದ ಮಗಳ ಜೊತೆ ಮಾತು ಬಿಟ್ಟ.

ಇಷ್ಟಾದರೂ ಗಿಳಿ ಆ ಬಟ್ಟಲನ್ನು ಮೂಸಿಯೂ ನೋಡಲಿಲ್ಲ. ಕೊಕ್ಕಿನಿಂದ ಎತ್ತಿ ಎಸೆಯಿತು. ನವಣೆ ಅವಳ ಕೂದಲಿಗೆಲ್ಲ ಸಿಡಿಯಿತು. ಗೋಡೆಯ ಮೇಲಿಂದ ಕೇಳಿಸಿತು. "ಸೋತೆಯಾ ರಾಜಕುಮಾರಿ?"

"ನನ್ನ ಒಲೆ ಇನ್ನೂ ಆರಿಲ್ಲ."

ಅವಳು ಯೋಚಿಸಿದಳು. ಕಾಡಿನಲ್ಲಿ ಯಾವ ಗಿಳಿಯೂ ಒಂಟಿಯಾಗಿ ಉಣ್ಣುತ್ತಿರಲಿಲ್ಲ. ಹಿಂಡು ತಿಂದದ್ದನ್ನೇ ಮರಿ ತಿನ್ನುತ್ತಿತ್ತು. ಇವನ ಹಿಂಡು ಯಾರು? ನಾನೇ ಅಲ್ಲವೇ? ಮರುದಿನ ಬೆಳಗ್ಗೆ ನೆಲದ ಮೇಲೆ ಕುಳಿತಳು. ಬಟ್ಟಲನ್ನು ನಡುವೆ ಇಟ್ಟಳು. ಆ ಸಪ್ಪೆ ನವಣೆಯನ್ನು ತಾನೇ ಬೆರಳಿನಲ್ಲಿ ಎತ್ತಿ ತಿಂದಳು. ಚಪ್ಪರಿಸಿ ತಿಂದಳು. ಮಧ್ಯಾಹ್ನವೂ ಅದನ್ನೇ, ಸಂಜೆಯೂ ಅದನ್ನೇ. ಬೇರೆ ಊಟ ಮುಟ್ಟಲಿಲ್ಲ. ಗಿಳಿ ಮೊದಲು ದೂರದಿಂದ ನೋಡಿತು. ಆಮೇಲೆ ಹತ್ತಿರ ಬಂತು. ಆಮೇಲೆ ಅವಳ ಬೆರಳಿನಲ್ಲಿದ್ದ ಮೊಳಕೆಯೊಂದನ್ನು ಕಸಿದುಕೊಂಡು ಓಡಿತು!

ದುಗ್ಗಪ್ಪ ಸೆರಗು ಇಲ್ಲದ್ದಕ್ಕೆ ಹೆಗಲ ವಸ್ತ್ರದಿಂದಲೇ ಕಣ್ಣೊರೆಸಿಕೊಂಡ. ಮರುದಿನ ತಾನೇ ಹೆಸರುಕಾಳು ನೆನೆಹಾಕಿದ.

ಗಿಳಿ ದಿನ ದಿನಕ್ಕೆ ಹೊನ್ನಿನ ಮರ ಮರೆಯಿತು. ಮೊದಲ ಹುಣ್ಣಿಮೆಯ ಬೆಳಗ್ಗೆ ಅದರ ಮೈತುಂಬ ಎಳೆ ಬಾಳೆಯ ಸುಳಿಯಂಥ ಹಸಿರು ಗರಿ. ಕುಟಿಲಾಂಗ ಒಂದೊಂದು ರೆಕ್ಕೆಯನ್ನೂ ಬಿಡಿಸಿ ನೋಡಿದ. ಬೋಳು ಜಾಗ ಸಿಗಲಿಲ್ಲ.

"ಗರಿ ಇದ್ದರಾಯಿತೇ? ಕೋಳಿಗೂ ಇದೆ. ಹಾರಲಿ ನೋಡೋಣ" ಎಂದ.

ಗಿಳಿಗೆ ಹಾರುವ ಮನಸ್ಸೇ ಇರಲಿಲ್ಲ. ಬಟ್ಟಲು ಕಾಲ ಬುಡಕ್ಕೇ ಬರುವಾಗ ಯಾಕೆ ಹಾರಬೇಕು? ಚಿತ್ರಾಂಬೆ ಬಟ್ಟಲು ಎತ್ತಿಟ್ಟಳು. ನವಣೆಗೆ ಎಳ್ಳು ಸೇರಿಸಿ ಗೋಲಿಯಷ್ಟು ಉಂಡೆ ಕಟ್ಟಿದಳು. ಉಂಡೆಗಳನ್ನು ಮುತ್ತುಗದ ಎಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಮಾವಿನ ಕೊಂಬೆಗೆ ಕಟ್ಟಿದಳು. ಮೊದಲು ಕೆಳಗಿನ ಕೊಂಬೆಗೆ. ಗಿಳಿ ಹತ್ತಿ, ಎಲೆ ಬಿಚ್ಚಿ, ತಿಂದು, ಹೆಮ್ಮೆಯಿಂದ ಅಕ್ಕ ಎಂದು ಕೂಗಿತು. ಆಮೇಲೆ ನಡುಕೊಂಬೆಗೆ. ಆಮೇಲೆ ತುದಿಕೊಂಬೆಗೆ. ಆಮೇಲೆ ಪಕ್ಕದ ಮರಕ್ಕೆ.

ಆ ದಿನಗಳಲ್ಲೇ ಒಂದು ಸಂಗತಿ ನಡೆಯಿತು. ದುಗ್ಗಪ್ಪ ಅಡುಗೆಮನೆಯೊಳಗೆ ಒಲೆಯ ಪಕ್ಕ ಸೂಜಿಮೆಣಸು ಒಣಗಲು ಹಾಕಿದ್ದ. ಗಿಳಿ ಹಾರಿ ಬಂದು ಒಂದನ್ನು ಕಚ್ಚಿತು. "ಅಯ್ಯೋ ಖಾರ! ನೀರು ತನ್ನಿ!" ಎಂದು ಚಿತ್ರಾಂಬೆ ಓಡಿದಳು. ಗಿಳಿ ಕಣ್ಣು ಅರ್ಧ ಮುಚ್ಚಿಕೊಂಡು, ಬೀಜ ಸಮೇತ, ಒಂದು ಕಾಲಿನಲ್ಲಿ ಹಿಡಿದು ನಿಧಾನವಾಗಿ ತಿನ್ನುತ್ತಿತ್ತು. ಮುಗಿಸಿ ಇನ್ನೊಂದು ಎತ್ತಿಕೊಂಡಿತು.

"ನೋಡಿ ಅಮ್ಮಣ್ಣಿ, ನಾಲಗೆಯೂ ಬದಲಾಗಿಬಿಟ್ಟಿದೆ" ಎಂದ ದುಗ್ಗಪ್ಪ.

ಚಿತ್ರಾಂಬೆ ನೀರಿನ ಚೊಂಬು ಕೆಳಗಿಟ್ಟಳು. ಅವಳಿಗೆ ನಗು ಬಂತು. ಸಾರಿನ ಮೆಣಸಿಗೆ ಅಳುತ್ತಿದ್ದ ಹುಡುಗ ಎಲ್ಲಿ, ಇವನೆಲ್ಲಿ! ಆದರೂ ಮರುದಿನದಿಂದ ಅಡುಗೆಮನೆಯ ಒಳಗೇ, ಮಾಂತ್ರಿಕನಿಗೂ ಬೇರೆ ಯಾರಿಗೂ ಕಾಣದಂತೆ, ಒಂದು ಸೂಜಿಮೆಣಸು ಕೈಯಾರೆ ಕೊಟ್ಟಳು.

ಎರಡನೆಯ ಹುಣ್ಣಿಮೆಯ ಬೆಳಗ್ಗೆ ಅವಳು ಕೆರೆಯ ಆಚೆ ದಡದಲ್ಲಿ ಎಲೆಯ ಪೊಟ್ಟಣ ಎತ್ತಿ ಹಿಡಿದು ನಿಂತಳು. ಈಚೆ ದಡದಲ್ಲಿ ಕುಟಿಲಾಂಗ ಹೊನ್ನುಂಡೆಯ ಬುಟ್ಟಿಯನ್ನೇ ಸುರಿದ. ಗಿಳಿ ಬುಟ್ಟಿ ನೋಡಿತು, ಅಕ್ಕನನ್ನು ನೋಡಿತು. ನೀರಿನ ಮೇಲೆ ಹಸಿರು ಗೆರೆ ಎಳೆದಂತೆ ಹಾರಿ ಬಂದು ಅವಳ ಮುಂಗೈ ಮೇಲೆ ಕುಳಿತಿತು.

"ಸೋತೆಯಾ ಮಾಂತ್ರಿಕ?" ಎಂದು ಈ ಸಲ ಅವಳೇ ಕೂಗಿದಳು.

"ನನ್ನ ಒಲೆಯೂ ಆರಿಲ್ಲ!" ಎಂದ ಕುಟಿಲಾಂಗ.

ಮೂರನೆಯ ಹುಣ್ಣಿಮೆ ಬಂತು. ಅಂಗಳದಲ್ಲಿ ರಾಜ, ಪ್ರಧಾನರು, ಊರ ಜನ ಎಲ್ಲ ನೆರೆದರು. ಕುಟಿಲಾಂಗ ತನ್ನ ಕರಿಯ ಕಂಬಳಿಯನ್ನು ಗಿಳಿಯ ಮೇಲೆ ಬೀಸಿ, ಅದರೊಳಗೆ ತಾನೂ ನುಸುಳಿದ. ಕಂಬಳಿ ನೆಲಕ್ಕೆ ಬಿತ್ತು. ಕೊಂಬೆಯ ಮೇಲೆ ಎರಡು ಗಿಳಿಗಳು ಕುಳಿತಿದ್ದವು. ಅದೇ ಹಸಿರು, ಅದೇ ಕೆಂಪು ಕೊಕ್ಕು, ಅದೇ ಕತ್ತಿನ ಗೆರೆ. ಒಂದು ನಿಜದ ಗಿಳಿ. ಇನ್ನೊಂದು ಗಿಳಿಯ ಮೈಯನ್ನು ಅಂಗಿಯಂತೆ ತೊಟ್ಟ ಮಾಂತ್ರಿಕ.

ಎಡಗಡೆಯ ಗಿಳಿ "ಅಕ್ಕ" ಎಂದಿತು.

ಬಲಗಡೆಯ ಗಿಳಿಯೂ "ಅಕ್ಕ" ಎಂದಿತು. ಅಷ್ಟಕ್ಕೇ ನಿಲ್ಲಲಿಲ್ಲ. "ಅಕ್ಕಾ, ಗಡುವು ಮುಗಿಯಿತು, ನನಗೆ ಮಾತು ಬಂತು! ನಾನು ನಿನ್ನ ವಸಂತ. ಅಪ್ಪಾಜಿ, ಚೆನ್ನಾಗಿದ್ದೀರಾ?"

ರಾಜನ ಕಣ್ಣು ತುಂಬಿ ಬಂತು. ಜನ ಹೋ ಎಂದರು.

ಚಿತ್ರಾಂಬೆ ಎರಡು ಸೂಜಿಮೆಣಸುಗಳನ್ನು ಅಂಗೈ ಮೇಲಿಟ್ಟು ಚಾಚಿದಳು.

ಬಲಗಡೆಯ ಗಿಳಿ ಹಿಂದೆ ಸರಿಯಿತು. "ಖಾರವೇ? ನನಗೆ ಖಾರ ಆಗದೆಂದು ನಿನಗೆ ಗೊತ್ತಿಲ್ಲವೇ ಅಕ್ಕಾ? ಹೋಳಿಗೆ ಕೊಡು, ತುಪ್ಪ ಹಾಕಿ ಕೊಡು!"

"ಅವನೇ! ಅವನೇ ನನ್ನ ಮಗ!" ಎಂದು ರಾಜ ಕೂಗಿದ. "ಸಾರಿನ ಮೆಣಸಿಗೆ ಅಳುತ್ತಿದ್ದ ನನ್ನ ಕಂದ! ಬೇಗ ಬೆರಳು ತೋರಿಸು ಚಿತ್ರಾ!"

"ಅವನೇ, ಅವನೇ!" ಎಂದರು ಊರ ಜನ.

ಎಡಗಡೆಯ ಗಿಳಿಯ ಗಮನವೆಲ್ಲ ಅಂಗೈ ಮೇಲಿತ್ತು. ಹಾರಿ ಬಂದು, ಒಂದು ಮೆಣಸನ್ನು ಕಾಲಿನಲ್ಲಿ ಹಿಡಿದು, ಕಣ್ಣು ಅರ್ಧ ಮುಚ್ಚಿ ಕಚ್ಚತೊಡಗಿತು.

"ಎಚ್ಚರ ಮಗಳೇ! ಖಾರ ತಿನ್ನುವ ಅದು ಮಾಂತ್ರಿಕನೇ!" ಎಂದು ರಾಜ ಮುಂದೆ ನುಗ್ಗಿದ. "ನಿನ್ನ ಒಂದು ಮಾತಿನ ಮೇಲೆ ವಸಂತನ ಜೀವ ನಿಂತಿದೆ."

ಚಿತ್ರಾಂಬೆ ಅಪ್ಪನನ್ನು ನೋಡಿದಳು. ಹೋಳಿಗೆ ಬೇಡುವ ಗಿಳಿಯನ್ನು ನೋಡಿದಳು. ಅದು ಅವಳ ನೆನಪಿನ ತಮ್ಮನಂತೆಯೇ ಇತ್ತು, ಅವನಂತೆಯೇ ಮುನಿಸು ಮಾಡುತ್ತಿತ್ತು. ಆಮೇಲೆ ತನ್ನ ಕೈ ಮೇಲೆ ಬೀಜ ಉದುರಿಸುತ್ತಿದ್ದ ಕೊಕ್ಕನ್ನು ನೋಡಿದಳು.

"ನಾನು ಇಷ್ಟು ದಿನ ಉಣಿಸಿದ್ದು ಇವನಿಗೆ" ಎಂದಳು. "ಇವನೇ ನನ್ನ ತಮ್ಮ."

ಹೇಳಿದ್ದೇ ತಡ, ಹೊನ್ನಿನ ಮರ ಬುಡದಿಂದ ತುದಿಯವರೆಗೆ ಬೂದಿಯಾಗಿ ಉದುರಿತು. ಕರಿಯ ಕಂಬಳಿ ಹೊಗೆಯಾಯಿತು. ಅವಳ ಮುಂದೆ ವಸಂತಸೇನ ನಿಂತಿದ್ದ. ಮೀಸೆಯಿತ್ತು, ಕೈಕಾಲು ಇದ್ದವು, ಮನುಷ್ಯನ ನಾಲಗೆಯಿತ್ತು. ಬಾಯಿಯ ತುಂಬ ಸೂಜಿಮೆಣಸೂ ಇತ್ತು.

"ಅಕ್ಕಾ! ನೀರು! ಸತ್ತೆ! ನೀರು!"

ಅವನು ಅಂಗಳದ ಸುತ್ತ ಕುಣಿದ. ದುಗ್ಗಪ್ಪ ಚೊಂಬು ಹಿಡಿದು ಹಿಂದೆ ಓಡಿದ. ರಾಜ ಅಳುತ್ತ ನಕ್ಕ, ಮಗನನ್ನು ತಬ್ಬಿ, ಮಗಳ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡ.

ಕೊಂಬೆಯ ಮೇಲೆ ಒಂದು ಗಿಳಿ ಉಳಿದಿತ್ತು. ಕಂಬಳಿ ಸುಟ್ಟುಹೋದ ಮೇಲೆ ಕುಟಿಲಾಂಗನಿಗೆ ತೊಟ್ಟ ಮೈ ಕಳಚಲು ಬರಲಿಲ್ಲ. ಮಂತ್ರವೂ ಮರೆತುಹೋಯಿತು. "ಕತ್ತು ಮುರಿಯಿರಿ!" ಎಂದು ಭಟರು ಮುಂದೆ ಬಂದರು.

"ನಿಲ್ಲಿ" ಎಂದಳು ಚಿತ್ರಾಂಬೆ. "ಅವನು ಬೆಳಗ್ಗೆಯಿಂದ ಏನೂ ತಿಂದಿಲ್ಲ."

ಅವಳು ಕೈ ಚಾಚಿದಳು. ಅಂಗೈ ಮೇಲೆ ಇನ್ನೊಂದು ಸೂಜಿಮೆಣಸು ಉಳಿದಿತ್ತು. ಗಿಳಿ ಮುಖ ತಿರುಗಿಸಿತು. ಸ್ವಲ್ಪ ಹೊತ್ತು ಬಿಟ್ಟು ಓರೆಗಣ್ಣಿನಿಂದ ನೋಡಿತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಇಳಿದು ಬಂದು, ಯಾರೂ ನೋಡುತ್ತಿಲ್ಲವೆಂಬಂತೆ, ಮೆಣಸನ್ನು ಕಾಲಿನಲ್ಲಿ ಎತ್ತಿಕೊಂಡಿತು.

ಅಂದಿನಿಂದ ತಾವರೆಕೋಟೆಯ ಮನೆಮನೆಯಲ್ಲಿ ಹೊಸ ಪದ್ಧತಿ ಬಂತು. ಒಲೆಯ ಮೇಲಿನ ಪಾತ್ರೆಗೆ ಉಪ್ಪು ಬೀಳುವ ಮೊದಲು ಮನೆಯ ಹಕ್ಕಿಯ ಪಾಲು ತೆಗೆದಿಡುವುದು. ಸಪ್ಪೆ ತುತ್ತು ಕೊಟ್ಟರೆ ನಂಟು ಹರಿಯಿತೆಂದು ಅಲ್ಲಿ ಮತ್ತೆ ಯಾರೂ ಹೇಳಲಿಲ್ಲ. ವಸಂತಸೇನ ಪಟ್ಟಕ್ಕೆ ಬಂದು ಬಹುಕಾಲ ಆಳಿದ. ರಾಜ್ಯದಲ್ಲಿ ಮಕ್ಕಳೂ ಮರಿಗಳೂ ಹಕ್ಕಿಗಳೂ ಹೊಟ್ಟೆ ತುಂಬ ಉಂಡು ಸುಖವಾಗಿದ್ದರು. ಚಿತ್ರಾಂಬೆಯ ಒಲೆ ಆರಲೇ ಇಲ್ಲ.